ಜಪಾನಿನ ಐಡಲ್‌ಗಳು, ಅವರ ವಾರದ ಶೋಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಐಡಲ್ ಗುಂಪುಗಳನ್ನು ನಾನು ತುಂಬಾ ವರ್ಷಗಳಿಂದ ನೋಡುತ್ತಿದ್ದೇನೆ. ಹಾಡಿಗಿಂತ ಜಾಸ್ತಿ ನೋಡಿದ್ದು ಅವರ ಟಿವಿ ಶೋಗಳನ್ನು. ಮನೆಯವರು, ಸ್ನೇಹಿತರು, ಅವರ ಸ್ನೇಹಿತರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಜಪಾನಿನವರ ರೂಢಿಯಂತೆ ಮನೆತನದ ಹೆಸರನ್ನು ಮೊದಲು ಬರೆದಿದ್ದೇನೆ.

ಐಡಲ್ ಅಂದರೆ ಯಾರು? ಗಾಯಕರಾ, ಡಾನ್ಸರ್‌ಗಳಾ, ನಟರಾ?

ಮೂರೂ ಮಾಡುತ್ತಾರೆ. ಆದರೆ ಮೂರರಲ್ಲಿ ಯಾವುದರಲ್ಲೂ ಪಳಗಿರಬೇಕು ಅಂತ ಇಲ್ಲ. ಗಾಯಕಿಯ ಹತ್ತಿರ ನಾವು ಹಾಡು ಕೇಳಲು ಹೋಗುತ್ತೇವೆ. ಐಡಲ್ ಹತ್ತಿರ ಹೋಗುವುದು ಆ ಹುಡುಗಿ ಅಥವಾ ಹುಡುಗ ಹೇಗೆ ಬೆಳೆಯುತ್ತಾರೆ ಅಂತ ನೋಡಲು. ಮೊದಲ ವರ್ಷ ಮೈಕ್ ಹಿಡಿದರೆ ಕೈ ನಡುಗುತ್ತಿದ್ದವಳು ನಾಲ್ಕನೇ ವರ್ಷ ಸಾವಿರಾರು ಜನರ ಮುಂದೆ ನಿಂತು ನಗುತ್ತಾಳೆ. ಆ ನಾಲ್ಕು ವರ್ಷ ಅವಳನ್ನು ಬಿಡದೆ ನೋಡಿದವರಿಗೆ ಆ ನಗುವಿನ ಬೆಲೆ ಗೊತ್ತಿರುತ್ತದೆ.

'ಎದೆ ತುಂಬಿ ಹಾಡುವೆನು' ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ನಮಗೆ ಇಷ್ಟವಾದ ಮಗು ಯಾವಾಗಲೂ ಚೆನ್ನಾಗಿ ಹಾಡಿದ ಮಗುವೇ ಆಗಿರುತ್ತಿರಲಿಲ್ಲ, ಅಲ್ವಾ? ಹೆಸರಲ್ಲಿ ಐಡಲ್ ಇದೆ ಅಂತ 'ಇಂಡಿಯನ್ ಐಡಲ್' ಜೊತೆ ಮಾತ್ರ ಹೋಲಿಸಬೇಡಿ. ಅದು ಪಂದ್ಯ. ಇದು ಪಂದ್ಯ ಅಲ್ಲ.

ಈ ಪದ ಜಪಾನಿಗೆ ಬಂದಿದ್ದು ಹೇಗೆ?

ಒಂದು ಫ್ರೆಂಚ್ ಸಿನಿಮಾದಿಂದ. 1963ರ ಆ ಸಿನಿಮಾದ ಹೆಸರಿನಲ್ಲೇ 'ಐಡಲ್' ಅನ್ನುವ ಮಾತಿತ್ತು. 1964ರಲ್ಲಿ ಅದು ಜಪಾನಿನಲ್ಲಿ ತೆರೆ ಕಂಡಿತು. ಅದರಲ್ಲಿ ಹಾಡಿದ್ದ ಸಿಲ್ವಿ ವಾರ್ತಾನ್ ಅಲ್ಲಿ ಮನೆಮಾತಾದರು. ಪದ ಜಪಾನಿ ಬಾಯಲ್ಲಿ 'ಐದೊರು' ಆಗಿ ಉಳಿದುಕೊಂಡಿತು.

ಪದಕ್ಕೆ ಮೈ ತುಂಬಿಸಿದ್ದು ಟಿವಿ. 1971ರಲ್ಲಿ ನಿಪ್ಪಾನ್ ಟಿವಿಯಲ್ಲಿ 'ಸ್ಟಾರ್ ತಂಜೊ' ಅನ್ನುವ ಆಡಿಷನ್ ಶೋ ಶುರುವಾಯಿತು. ಮಕ್ಕಳು ವೇದಿಕೆಯ ಮೇಲೆ ನಿಲ್ಲುತ್ತಿದ್ದರು. ಎದುರು ರೆಕಾರ್ಡ್ ಕಂಪನಿಗಳವರು, ಏಜೆನ್ಸಿಗಳವರು ಸಾಲಾಗಿ ಕೂತಿರುತ್ತಿದ್ದರು. ಬೇಕು ಅನಿಸಿದ ಕಂಪನಿ ತನ್ನ ಹೆಸರಿನ ಫಲಕ ಎತ್ತುತ್ತಿತ್ತು. ಒಂದೂ ಫಲಕ ಮೇಲೇಳದಿದ್ದರೆ ಆ ಮಗು ಇಡೀ ದೇಶದ ಮುಂದೆ ಸುಮ್ನೆ ನಿಂತಿರಬೇಕಿತ್ತು. ಆ ಕಾಲದ ಐಡಲ್‌ಗಳಾದ ಮೋರಿ ಮಸಾಕೊ, ಸಕುರಾದ ಜುಂಕೊ, ಯಮಗುಚಿ ಮೊಮೊಎ ಮೂವರೂ ಬಂದಿದ್ದು ಈ ದಾರಿಯಲ್ಲೇ.

ಮೊಮೊಎ ಕಥೆ ಹೇಳದೆ ಮುಂದೆ ಹೋಗಲಾರೆ. 1980ರ ಅಕ್ಟೋಬರ್ 5, ಟೋಕಿಯೋದ ಬುದೊಕಾನ್ ಸಭಾಂಗಣ. ಆಕೆಗೆ 21 ವರ್ಷ. ಕೊನೆಯ ಹಾಡು ಮುಗಿಸಿ, ತಲೆ ಬಾಗಿ, ಕೈಯಲ್ಲಿದ್ದ ಬಿಳಿ ಮೈಕನ್ನು ವೇದಿಕೆಯ ಮೇಲೆ ಮೆಲ್ಲಗೆ ಇಟ್ಟು ಒಳಗೆ ನಡೆದರು. ಮುಂದಿನ ತಿಂಗಳು ನಟ ಮಿಉರ ತೊಮೊಕಾಜು ಅವರನ್ನು ಮದುವೆಯಾದರು. ಮತ್ತೆ ವೇದಿಕೆಗೆ ಬರಲೇ ಇಲ್ಲ. ಇವತ್ತಿಗೂ ಯಾವುದಾದರೂ ಐಡಲ್ ತನ್ನ ಕೊನೆಯ ಕಾರ್ಯಕ್ರಮದಲ್ಲಿ ಮೈಕ್ ಕೆಳಗಿಟ್ಟರೆ, ಜಪಾನಿನವರಿಗೆ ನೆನಪಾಗುವುದು ಆ ಸಂಜೆಯೇ.

ಹಾಡು ಒಂದು ಕಡೆ ಇರಲಿ, ಇಷ್ಟೊಂದು ಟಿವಿ ಶೋ ಯಾಕೆ?

ಅಲ್ಲಿ ಟಿವಿ ಶೋ ಅನ್ನುವುದು ಬರೀ ಪ್ರಚಾರ ಅಲ್ಲ. ಗುಂಪು ಹುಟ್ಟುವುದೇ ಎಷ್ಟೋ ಸಲ ಶೋ ಒಳಗೆ. 1985ರಲ್ಲಿ ಫುಜಿ ಟಿವಿಯ ಸಂಜೆಯ ಕಾರ್ಯಕ್ರಮವೊಂದರಿಂದ ಒನ್ಯಾಂಕೊ ಕ್ಲಬ್ ಹುಟ್ಟಿತು. ಶಾಲೆ ಮುಗಿಸಿ ಬಂದ ಹುಡುಗಿಯರು ಅಂತಲೇ ಅವರನ್ನು ತೋರಿಸಿದರು. ಅವರಿಗೆ ಹಾಡು ಬರೆದುಕೊಟ್ಟವರು ಅಕಿಮೊತೊ ಯಸುಶಿ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಆಮೇಲೆ ಮಾರ್ನಿಂಗ್ ಮುಸುಮೆ. 1997ರಲ್ಲಿ ಟಿವಿ ಟೋಕಿಯೋದ 'ಅಸಯನ್' ಶೋ ಒಬ್ಬ ರಾಕ್ ಗಾಯಕಿಗಾಗಿ ಹುಡುಕಾಟ ನಡೆಸಿತು. ಅದರಲ್ಲಿ ಸೋತ ಐವರನ್ನು ನಿರ್ಮಾಪಕ ತ್ಸುಂಕು ವಾಪಸ್ ಕರೆದರು. ಷರತ್ತು ಒಂದೇ. ಐದು ದಿನದಲ್ಲಿ 50,000 ಸಿಡಿ ನೀವೇ ಕೈಯಾರೆ ಮಾರಬೇಕು, ಆಗ ಮಾತ್ರ ಡೆಬ್ಯೂ. ಒಸಾಕ, ಫುಕುಓಕ, ಸಪ್ಪೊರೊ, ನಗೋಯ ಅಂತ ಊರೂರು ತಿರುಗಿದರು. ಜನ ಸಾಲು ನಿಂತು ಕೊಂಡರು. ನಾಲ್ಕನೇ ದಿನ ನಗೋಯದಲ್ಲೇ ಲೆಕ್ಕ ಮುಗಿಯಿತು. 1998ರ ಜನವರಿಯಲ್ಲಿ ಡೆಬ್ಯೂ ಆಯಿತು. ಸದಸ್ಯರು ಬದಲಾಗುತ್ತಾ ಆ ಗುಂಪು ದಶಕಗಳನ್ನೇ ದಾಟಿತು.

ಆ ಸಿಡಿ ಕೊಂಡವರಲ್ಲಿ ಹೆಚ್ಚಿನವರು ಹಾಡಿಗೆ ಮರುಳಾಗಿ ಕೊಂಡಿದ್ದಲ್ಲ ಅನ್ನುವುದು ನನ್ನ ನಂಬಿಕೆ. ವಾರವಾರ ಟಿವಿಯಲ್ಲಿ ನೋಡಿದ ಐದು ಜನ ಸೋತು ಮನೆಗೆ ಹೋಗಬಾರದು ಅಂತ ಕೊಂಡರು. ಐಡಲ್ ಲೋಕ ನಡೆಯುವುದೇ ಈ 'ಹೋಗಬಾರದು' ಅನ್ನುವ ಕಾಳಜಿಯ ಮೇಲೆ. ಅದರ ಒಳ್ಳೆಯದೂ ಕೆಟ್ಟದ್ದೂ ಅಲ್ಲಿಂದಲೇ ಶುರು.

ಎಕೆಬಿ48 ಅಂದರೆ ನಿಜವಾಗಿಯೂ 48 ಜನರಾ?

ಅಲ್ಲ. ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಇದ್ದಾರೆ. ಇದು ಹುಡುಗಿಯರ ಐಡಲ್ ಗುಂಪು. 'ಎಕೆಬಿ' ಬಂದಿದ್ದು ಟೋಕಿಯೋದ ಅಕಿಹಬಾರ ಬಡಾವಣೆಯಿಂದ. ಎಲೆಕ್ಟ್ರಾನಿಕ್ ಸಾಮಾನು, ಆನಿಮೆ, ಗೇಮ್ ಅಂಗಡಿಗಳ ಜಾಗ ಅದು. ಅಲ್ಲಿ ಡಾನ್ ಕಿಹೋಟೆ ಅನ್ನುವ ದೊಡ್ಡ ಅಂಗಡಿ ಇರುವ ಕಟ್ಟಡದ 8ನೇ ಮಹಡಿಯಲ್ಲಿ 250 ಜನ ಹಿಡಿಸುವ ಒಂದು ರಂಗಮಂದಿರ. 2005ರ ಡಿಸೆಂಬರ್ 8ರಂದು ಮೊದಲ ಪ್ರದರ್ಶನ. ಟಿಕೆಟ್ ಕೊಂಡು ಬಂದವರು ಏಳೇ ಜನ.

ಈ ಗುಂಪು ಕಟ್ಟಿದ ಅಕಿಮೊತೊ ಅವರ ಯೋಚನೆ ಸರಳವಾಗಿತ್ತು. ಟಿವಿಯ ಐಡಲ್ ದೂರದ ನಕ್ಷತ್ರ. ಇವರು ಹಾಗಲ್ಲ, 'ಹೋಗಿ ಭೇಟಿಯಾಗಬಹುದಾದ ಐಡಲ್‌ಗಳು'. ಒಂದೇ ಜಾಗ, ದಿನಾ ಆಟ, ಇಷ್ಟವಾದರೆ ನಾಳೆ ಮತ್ತೆ ಬನ್ನಿ. ನಮ್ಮ ಕಂಪನಿ ನಾಟಕಗಳು ಒಂದೂರಲ್ಲಿ ಟೆಂಟ್ ಹಾಕಿ ತಿಂಗಳುಗಟ್ಟಲೆ ಆಡುತ್ತಿದ್ದವಲ್ಲ, ಮೂರನೇ ಸಲ ನೋಡಲು ಬಂದವರ ಮುಖ ನಟರಿಗೆ ಗುರುತು ಹತ್ತುತ್ತಿತ್ತಲ್ಲ, ಹಾಗೆ.

ಆ ರಂಗಮಂದಿರದಲ್ಲಿ ವೇದಿಕೆಯ ಮುಂದೆ ಎರಡು ದಪ್ಪ ಕಂಬಗಳಿದ್ದವು. ಎಲ್ಲಿ ಕೂತರೂ ಒಂದಿಷ್ಟು ಮರೆಯಾಗುತ್ತಿತ್ತು. ಯಾರು ಮೊದಲು ಒಳಗೆ ಹೋಗಬೇಕು ಅನ್ನುವುದು ಚೀಟಿ ಎತ್ತಿ ತೀರ್ಮಾನ. ಅಭಿಮಾನಿಗಳು ಕಂಬಕ್ಕೆ ಬೈಯುತ್ತಲೇ ಅದನ್ನು ಪ್ರೀತಿಸಿದರು. ತಮ್ಮ ಇಷ್ಟದ ಸದಸ್ಯೆ ಕಂಬದ ಹಿಂದಿನಿಂದ ಕಾಣಿಸಿಕೊಳ್ಳುವ ಕ್ಷಣಕ್ಕೆ ಕಾಯುತ್ತಿದ್ದರು.

ಇದೇ ಮಾದರಿಯಲ್ಲಿ ಬೇರೆ ಊರುಗಳಲ್ಲೂ ಗುಂಪು ಹುಟ್ಟಿದವು. ನಗೋಯದಲ್ಲಿ ಎಸ್‌ಕೆಇ48, ಒಸಾಕದಲ್ಲಿ ಎನ್‌ಎಂಬಿ48, ಫುಕುಓಕದಲ್ಲಿ ಎಚ್‌ಕೆಟಿ48, ನಿಈಗಾತದಲ್ಲಿ ಎನ್‌ಜಿಟಿ48. ಸೆತೊ ಒಳಸಮುದ್ರದ ಸುತ್ತಲಿನ ಊರುಗಳಿಗಾಗಿ ಹುಟ್ಟಿದ ಎಸ್‌ಟಿಯು48ಗೆ 2019ರಿಂದ 2021ರವರೆಗೆ ಒಂದು ಹಡಗೇ ರಂಗಮಂದಿರವಾಗಿತ್ತು.

ಕೈ ಕುಲುಕಲು ದುಡ್ಡು ಕೊಡುತ್ತಾರಂತೆ, ಹೌದಾ?

ಸಿಡಿ ಕೊಂಡರೆ ಅದರೊಳಗೆ ಹ್ಯಾಂಡ್‌ಶೇಕ್ ಚೀಟಿ ಇರುತ್ತದೆ. ಒಂದು ಚೀಟಿಗೆ ಕೆಲವೇ ಸೆಕೆಂಡ್. ದೊಡ್ಡ ಸಭಾಂಗಣದಲ್ಲಿ ಒಬ್ಬೊಬ್ಬ ಸದಸ್ಯೆಗೆ ಒಂದೊಂದು ಸಾಲು. ನಿಮ್ಮ ಸರದಿ ಬಂದಾಗ ಕೈ ಹಿಡಿದು, ಹೇಳಬೇಕು ಅಂದುಕೊಂಡಿದ್ದರಲ್ಲಿ ಅರ್ಧ ಹೇಳುವಷ್ಟರಲ್ಲಿ ಪಕ್ಕದಲ್ಲಿ ನಿಂತ ಸಿಬ್ಬಂದಿ ನಿಮ್ಮ ಭುಜ ಮುಟ್ಟಿ ಮುಂದೆ ಸಾಗಿಸುತ್ತಾರೆ. ಅವರಿಗೆ ಅಭಿಮಾನಿಗಳು ಇಟ್ಟ ಹೆಸರು 'ಹಗಾಶಿ'. ಅಂಟಿದ್ದನ್ನು ಕೀಳುವವರು ಅಂತ ಅರ್ಥ. ಹತ್ತು ಚೀಟಿ ಒಟ್ಟಿಗೆ ಕೊಟ್ಟರೆ ಮಾತಿಗೆ ಒಂದಿಷ್ಟು ಜಾಸ್ತಿ ಸಮಯ. ಹಾಗಾಗಿ ಒಬ್ಬರೇ ಒಂದೇ ಸಿಡಿಯ ಹತ್ತಾರು ಪ್ರತಿ ಕೊಳ್ಳುವುದು ಅಲ್ಲಿ ಮಾಮೂಲು.

ಹೊರಗಿನಿಂದ ನೋಡಿದರೆ ಇದು ಬೇಸರ ತರಿಸುತ್ತದೆ. ಒಳಗಿನಿಂದ ನೋಡಿದಾಗ ಇನ್ನೊಂದು ಮುಖವೂ ಕಾಣುತ್ತದೆ. ಹೋದ ಸಲ ಪರೀಕ್ಷೆ ಇದೆ ಅಂದಿದ್ದವನನ್ನು ಈ ಸಲ 'ಏನಾಯಿತು ಪರೀಕ್ಷೆ?' ಅಂತ ಆಕೆಯೇ ಕೇಳುತ್ತಾಳೆ. ಸಾವಿರ ಮುಖಗಳ ನಡುವೆ ನೆನಪಿಟ್ಟುಕೊಂಡಿದ್ದಾಳೆ. ಡಾ. ರಾಜ್‌ಕುಮಾರ್ ಅವರ ಬಾಯಲ್ಲಿ 'ಅಭಿಮಾನಿ ದೇವರುಗಳು' ಅನ್ನುವ ಮಾತು ಕೇಳಿ ಬೆಳೆದ ನಮಗೆ ಆ ಖುಷಿಯನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಹತ್ತಿರ ಬಿಟ್ಟುಕೊಳ್ಳುವುದರಲ್ಲಿ ಅಪಾಯವೂ ಇದೆ. 2014ರ ಮೇ 25ರಂದು ಇವಾತೆ ಪ್ರಾಂತ್ಯದ ತಕಿಜವಾದಲ್ಲಿ ಸಾಲಿನಲ್ಲಿ ಬಂದ ಒಬ್ಬ ಗರಗಸ ಬೀಸಿದ. ಎಕೆಬಿಯ ಕವಾಎಇ ರಿನಾ, ಇರಿಯಾಮ ಅನ್ನಾ ಇಬ್ಬರಿಗೂ, ಒಬ್ಬ ಸಿಬ್ಬಂದಿಗೂ ಗಾಯವಾಯಿತು. ಆಮೇಲೆ ಲೋಹಶೋಧಕ, ಬ್ಯಾಗ್ ತಪಾಸಣೆ ಬಂದವು. ಕವಾಎಇ ಮರುವರ್ಷ ಗುಂಪು ಬಿಟ್ಟರು. ಮತ್ತೆ ಕೈ ಕುಲುಕುವ ಸಾಲಿನಲ್ಲಿ ನಿಲ್ಲಲು ಅವರಿಂದ ಆಗಲಿಲ್ಲ. ನಟನೆ ಮುಂದುವರಿಸಿದರು. 2021ರ ಕೊನೆಯಲ್ಲಿ ಶುರುವಾದ, ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿಯ ಮೂವರು ನಾಯಕಿಯರಲ್ಲಿ ಅವರೂ ಒಬ್ಬರು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಮನೆಯ ಹುಡುಗಿಗೇ ಒಳ್ಳೆಯದಾದಷ್ಟು ಖುಷಿಯಾಗಿತ್ತು.

ಕೊರೊನಾ ಬಂದ ಮೇಲೆ ಹ್ಯಾಂಡ್‌ಶೇಕ್ ಎಷ್ಟೋ ಕಡೆ ವಿಡಿಯೊ ಕಾಲ್ ಆಗಿ ಬದಲಾಯಿತು. ಅದು ಉಳಿದುಕೊಂಡಿದ್ದು ಒಳ್ಳೆಯದೇ ಆಯಿತು.

ಐಡಲ್‌ಗಳಿಗೆ ಚುನಾವಣೆ ನಡೆಸುತ್ತಿದ್ದರಾ?

ಎಕೆಬಿಯಲ್ಲಿ 2009ರಿಂದ 2018ರವರೆಗೆ ಪ್ರತಿ ವರ್ಷ ನಡೆಸಿದರು. ಮತಚೀಟಿ ಸಿಡಿಯೊಳಗೆ. ಹೆಚ್ಚು ಮತ ಬಂದವರಿಗೆ ಮುಂದಿನ ಹಾಡಿನಲ್ಲಿ ಮುಂದಿನ ಸಾಲು, ಮೊದಲು ಬಂದವರಿಗೆ ನಡುವಿನ ಜಾಗ. ಫಲಿತಾಂಶ ಟಿವಿಯಲ್ಲಿ ನೇರಪ್ರಸಾರ ಆಗುತ್ತಿತ್ತು.

ಮೊದಲ ವರ್ಷ ಮಾಎದ ಅತ್ಸುಕೊ, ಎರಡನೇ ವರ್ಷ ಓಶಿಮ ಯೂಕೊ, ಮೂರನೇ ವರ್ಷ ಮತ್ತೆ ಮಾಎದ. 2011ರಲ್ಲಿ ಗೆದ್ದಾಗ ಮಾಎದ ಅಳುತ್ತಾ ಬೇಡಿಕೊಂಡರು. ನನ್ನನ್ನು ದ್ವೇಷಿಸಿದರೂ ಪರವಾಗಿಲ್ಲ, ಎಕೆಬಿಯನ್ನು ದ್ವೇಷಿಸಬೇಡಿ ಅಂತ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಆರು ವರ್ಷ ನಡುವೆ ನಿಂತು, ಇವಳೇ ಯಾಕೆ ಅನ್ನುವ ಬೈಗುಳ ಕೇಳಿದ ಹುಡುಗಿ ಅದು.

ನನಗೆ ತುಂಬಾ ಇಷ್ಟವಾದ ಕಥೆ ಸಶಿಹಾರ ರಿನೊ ಅವರದು. 2012ರಲ್ಲಿ ಹಳೆಯ ಪ್ರೇಮದ ಸುದ್ದಿ ವಾರಪತ್ರಿಕೆಯಲ್ಲಿ ಬಂತು. ಅವರನ್ನು ಟೋಕಿಯೋದಿಂದ ಎತ್ತಿ ಫುಕುಓಕದ ಹೊಸ ಗುಂಪಿಗೆ ಹಾಕಿದರು. ಶಿಕ್ಷೆಯ ವರ್ಗಾವಣೆ ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಚಿಕ್ಕ ಹುಡುಗಿಯರನ್ನು ಬೆಳೆಸುತ್ತಾ ಕೂತರು. ಮುಂದಿನ ವರ್ಷ ಯೊಕೊಹಾಮಾದ ನಿಸ್ಸಾನ್ ಕ್ರೀಡಾಂಗಣದಲ್ಲಿ ಒಂದೂವರೆ ಲಕ್ಷ ಮತ ಪಡೆದು ಮೊದಲಿಗರಾದರು. 2015, 2016, 2017ರಲ್ಲೂ ಅವರೇ. ತಾನು ಚಂದ ಅಲ್ಲ, ಹಾಡಲು ಬರಲ್ಲ ಅಂತ ಅವರೇ ಹೇಳುತ್ತಿದ್ದರು. ಆದರೆ ಟಿವಿಯಲ್ಲಿ ಮಾತಿಗೆ ಮಾತು ಕೊಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. 2017ರಲ್ಲಿ 'ಈಕ್ವಲ್ ಲವ್' ಅನ್ನುವ ಗುಂಪಿಗೆ ನಿರ್ಮಾಪಕಿಯಾದರು.

ಮತಕ್ಕಾಗಿ ಸಿಡಿ ರಾಶಿ ಹಾಕಿದ್ದು ಮಾತ್ರ ನನಗೆ ಯಾವತ್ತೂ ಸರಿ ಕಾಣಲಿಲ್ಲ. 2017ರಲ್ಲಿ ಫುಕುಓಕದ ಬೆಟ್ಟವೊಂದರಲ್ಲಿ 500ಕ್ಕೂ ಜಾಸ್ತಿ ಸಿಡಿ ಸುರಿದು ಹೋದ ಒಬ್ಬನ ಮೇಲೆ ಪೊಲೀಸರು ಕೇಸು ಹಾಕಿದರು. ಯಾರೋ ಕಷ್ಟಪಟ್ಟು ಹಾಡಿದ ಹಾಡು ಕಸವಾಗಿ ಬಿದ್ದಿತ್ತು.

ಯಾವ ಶೋ ನೋಡಲಿ?

ನನಗೆ ಬರೆಯಲು ತುಂಬಾ ಇಷ್ಟವಾದ ಪ್ರಶ್ನೆ ಇದೇ.

ಮೊದಲು 'ನೊಗಿಜಾಕಾ ಕೋಜಿಚೂ'. 2011ರಲ್ಲಿ ಎಕೆಬಿಗೆ ಅಧಿಕೃತ ಎದುರಾಳಿ ಅಂತಲೇ ಕಟ್ಟಿದ ನೊಗಿಜಾಕಾ46 ಗುಂಪಿನ ವಾರದ ಶೋ. ಅದೇ ವರ್ಷ ಬೇರೆ ಹೆಸರಲ್ಲಿ ಶುರುವಾಗಿ, 2015ರಿಂದ ಈ ಹೆಸರಿನಲ್ಲಿ ಬರುತ್ತಿದೆ. 'ಕೋಜಿಚೂ' ಅಂದರೆ 'ಕಾಮಗಾರಿ ನಡೆಯುತ್ತಿದೆ'. ಹೆಸರೇ ಎಲ್ಲ ಹೇಳುತ್ತದೆ. ಭಾನುವಾರ ನಡುರಾತ್ರಿ ಅರ್ಧ ಗಂಟೆ. ನಡೆಸಿಕೊಡುವವರು ಬನಾನಾಮನ್ ಅನ್ನುವ ಹಾಸ್ಯ ಜೋಡಿ, ಶಿತಾರ ಒಸಾಮು ಮತ್ತು ಹಿಮುರ ಯೂಕಿ. ಹುಡುಗಿಯರು ಇವರಿಬ್ಬರನ್ನೂ ಅಣ್ಣಂದಿರ ಥರ ನೋಡುತ್ತಾರೆ.

ಸೆಟ್ಟು ನೋಡಿದ ತಕ್ಷಣ ನಮ್ಮವರಿಗೆ ದಸರಾ ಗೊಂಬೆ ನೆನಪಾಗುತ್ತದೆ. ಸದಸ್ಯೆಯರು ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತಾರೆ. ಜಪಾನಿನವರೂ ಮಾರ್ಚ್ 3ರ ಹಿನಾ ಹಬ್ಬಕ್ಕೆ ಮೆಟ್ಟಿಲ ಮೇಲೆ ಗೊಂಬೆ ಕೂರಿಸುತ್ತಾರೆ. ಹಾಗಾಗಿ ಟಿವಿಯ ಈ ಆಸನ ಸಾಲಿಗೂ 'ಹಿನಾದನ್' ಅಂತಲೇ ಹೆಸರು. ಮುಂದಿನ ಸಾಲಿನವರು ಕ್ಯಾಮೆರಾಗೆ ಹತ್ತಿರ. ಹಿಂದಿನ ಸಾಲಿನ ಮೂಲೆಯಲ್ಲಿ ಕೂತವಳು ಬಾಯಿ ಬಿಡಲು ಧೈರ್ಯ ಮಾಡಬೇಕು. ಹೊಸಬಳೊಬ್ಬಳು ವಾರಗಟ್ಟಲೆ ಸುಮ್ಮನೆ ಕೂತಿದ್ದು, ಒಂದು ದಿನ ಕೈ ಎತ್ತಿ ಏನೋ ಹೇಳಿ, ಶಿತಾರ ಬಿದ್ದು ಬಿದ್ದು ನಕ್ಕಾಗ ಅವಳ ಮುಖ ನೋಡಬೇಕು. ಪರದೆಯ ಮೂಲೆಯ ಪುಟ್ಟ ಕಿಟಕಿಯಲ್ಲಿ ಅದೇ ಕ್ಷಣ ಅವಳ ಗೆಳತಿಯ ಕಣ್ಣು ಒದ್ದೆಯಾಗಿರುತ್ತದೆ. ಆ ಕಿಟಕಿಯನ್ನು 'ವೈಪು' ಅನ್ನುತ್ತಾರೆ. ಶೋ ನೋಡುವಾಗ ಒಂದು ಕಣ್ಣು ಯಾವಾಗಲೂ ಅಲ್ಲಿರಲಿ.

ಎರಡನೆಯದು 'ಹಿನಾತಾಜಾಕಾದೆ ಐಮಾಶೋ'. ಹಿನಾತಾಜಾಕಾ46 ಗುಂಪಿನದು. ಆಡ್ರಿ ಅನ್ನುವ ಹಾಸ್ಯ ಜೋಡಿ, ವಕಬಯಾಶಿ ಮತ್ತು ಕಸುಗ, ನಡೆಸಿಕೊಡುತ್ತಾರೆ. ನಗಬೇಕು ಅಂದರೆ ಇದನ್ನು ಮೊದಲು ನೋಡಿ. ಗುಂಪಿನ ಹೆಸರೇ ಗೊತ್ತಿಲ್ಲದಿದ್ದರೂ ನಗು ಬರುತ್ತದೆ.

ಮೂರನೆಯದು 'ತೆತ್ಸುವಾನ್ ಡ್ಯಾಶ್'. ಇದು ತೋಕಿಯೊ ಅನ್ನುವ ಗಂಡಸರ ಗುಂಪಿನದು. 1995ರಲ್ಲಿ ಶುರು. ಹಾಡು ಹೇಳಬೇಕಾದ ಹುಡುಗರು 2000ರಿಂದ ಒಂದು ಬೆಟ್ಟದ ಊರಿನಲ್ಲಿ ಗದ್ದೆ ಉತ್ತರು, ಬಾವಿ ತೋಡಿದರು, ಮನೆ ಕಟ್ಟಿದರು, ಆಡು ಸಾಕಿದರು. 'ಡ್ಯಾಶ್ ಮುರಾ' ಅಂತ ಹೆಸರಿಟ್ಟ ಆ ಜಾಗ ಎಲ್ಲಿದೆ ಅಂತ ವೀಕ್ಷಕರಿಗೆ ಹೇಳಿರಲಿಲ್ಲ. ಅಕಿಯೊ ಅನ್ನುವ ವಯಸ್ಸಾದ ರೈತ ಅವರಿಗೆ ಬೇಸಾಯ ಕಲಿಸಿದರು. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ, ಪರಮಾಣು ಸ್ಥಾವರದ ಅವಘಡ ಆಯಿತು. ಆ ಊರು ಇದ್ದಿದ್ದು ಫುಕುಶಿಮದ ನಮಿಎಯಲ್ಲಿ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ಊರು ಖಾಲಿ ಮಾಡಬೇಕಾಯಿತು. ಹನ್ನೊಂದು ವರ್ಷ ಸಾಕಿ ಸಲಹಿದ ಮಣ್ಣಿಗೆ ಕಾಲಿಡುವಂತಿಲ್ಲ. ಅಕಿಯೊ ಅವರು 2014ರಲ್ಲಿ ತೀರಿಕೊಂಡರು. ಹುಡುಗರು ಬೇರೆ ಜಾಗದಲ್ಲಿ ಭತ್ತ ಬೆಳೆಯುವುದನ್ನು ಬಿಡಲಿಲ್ಲ, ಫುಕುಶಿಮದ ಬೆಳೆಯನ್ನು ತಿನ್ನಿ ಅಂತ ವರ್ಷಗಟ್ಟಲೆ ಜಾಹೀರಾತಿನಲ್ಲಿ ಬಂದರು. ತೋಕಿಯೊ ಗುಂಪು 2025ರ ಜೂನ್‌ನಲ್ಲಿ ಮುಗಿಯಿತು. ಆದರೆ ಒಂದು ಮನರಂಜನೆಯ ಶೋ ಇಷ್ಟು ಮಣ್ಣು ಮುಟ್ಟಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ.

ಹಾಡು, ಕುಣಿತವೇ ಬೇಕು ಅಂದರೆ ಪರ್ಫ್ಯೂಮ್. ಹಿರೊಶಿಮದ ಮೂವರು. ಚಿಕ್ಕಂದಿನಿಂದ ಜೊತೆಗೆ ಕುಣಿದವರು.

ಗಂಡು ಗುಂಪುಗಳ ಏಜೆನ್ಸಿಯ ಹಗರಣ ಏನು?

ಜಾನೀಸ್ ಅನ್ನುವ ಏಜೆನ್ಸಿ 1962ರಿಂದ ಜಪಾನಿನ ಗಂಡು ಐಡಲ್ ಲೋಕವನ್ನು ಆಳಿತು. ಸ್ಮ್ಯಾಪ್, ತೋಕಿಯೊ, ಅರಾಶಿ ಎಲ್ಲ ಅಲ್ಲಿಯವರೇ. ಅದನ್ನು ಕಟ್ಟಿದ ಜಾನಿ ಕಿತಗಾವ ದಶಕಗಳ ಕಾಲ ತನ್ನ ಕೈಕೆಳಗಿನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. ವಾರಪತ್ರಿಕೆಯೊಂದು 1999ರಲ್ಲೇ ಬರೆದಿತ್ತು. ಆ ವರದಿಯ ಮುಖ್ಯ ಭಾಗ ನಿಜ ಅಂತ ಟೋಕಿಯೋ ಹೈಕೋರ್ಟ್ ಹೇಳಿತ್ತು, 2004ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅದೇ ನಿಂತಿತ್ತು. ಆದರೂ ಟಿವಿ ಚಾನೆಲ್‌ಗಳು ಬಾಯಿ ಬಿಡಲಿಲ್ಲ. ಆತ 2019ರಲ್ಲಿ ಗೌರವದಿಂದಲೇ ತೀರಿಕೊಂಡ. 2023ರ ಮಾರ್ಚ್‌ನಲ್ಲಿ ಬಿಬಿಸಿ ಸಾಕ್ಷ್ಯಚಿತ್ರ ಬಂದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು ಮಾತಾಡಿದರು. ಸೆಪ್ಟೆಂಬರ್‌ನಲ್ಲಿ ಕಂಪನಿ ಒಪ್ಪಿಕೊಂಡಿತು. ಅಕ್ಟೋಬರ್‌ನಲ್ಲಿ ಹೆಸರು 'ಸ್ಮೈಲ್-ಅಪ್' ಆಗಿ, ಅದರ ಕೆಲಸ ಪರಿಹಾರ ಕೊಡುವುದಕ್ಕೆ ಸೀಮಿತವಾಯಿತು. ಕಲಾವಿದರನ್ನು ನೋಡಿಕೊಳ್ಳಲು 'ಸ್ಟಾರ್ಟೋ' ಅನ್ನುವ ಬೇರೆ ಕಂಪನಿ ಬಂತು.

ಆ ಹುಡುಗರ ಹಾಡುಗಳನ್ನು ಈಗ ಕೇಳಬಹುದಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ನಾನು ಕೇಳುತ್ತೇನೆ. ದುಡಿದವರು ಆ ಹುಡುಗರು. ಆದರೆ ಆ ಕಾಲದ ಶೋಗಳಲ್ಲಿ ಆತನ ಬಗ್ಗೆ ನಗುನಗುತ್ತಾ ಮಾತಾಡುವ ಭಾಗ ಬಂದರೆ ಈಗ ನೋಡಲು ಆಗುವುದಿಲ್ಲ.

ಐಡಲ್‌ಗಳು ಪ್ರೀತಿ ಮಾಡಬಾರದು ಅನ್ನುವ ನಿಯಮ ನಿಜವಾ?

ಎಷ್ಟೋ ಗುಂಪುಗಳಲ್ಲಿ ಇದೆ, ಬರೆದೋ ಬರೆಯದೆಯೋ. 2013ರ ಜನವರಿಯಲ್ಲಿ ಎಕೆಬಿಯ ಮಿನೆಗಿಶಿ ಮಿನಾಮಿ ಗೆಳೆಯನ ಮನೆಯಿಂದ ಹೊರಬರುವ ಫೋಟೊ ಪತ್ರಿಕೆಯಲ್ಲಿ ಬಂತು. ಅದೇ ದಿನ ಅವರು ತಲೆ ಬೋಳಿಸಿಕೊಂಡು, ಅಳುತ್ತಾ ಕ್ಷಮೆ ಕೇಳಿದ ವಿಡಿಯೊ ಗುಂಪಿನ ಯೂಟ್ಯೂಬ್ ಚಾನೆಲ್‌ನಲ್ಲಿ ಕಾಣಿಸಿತು. ಇಪ್ಪತ್ತು ವರ್ಷದ ಹುಡುಗಿ. ಮಾಡಿದ ತಪ್ಪಾದರೂ ಏನು? ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು. ಅದು ಅಲ್ಲಿನ ಅಭಿಮಾನಿಗಳಲ್ಲೂ ಎಷ್ಟೋ ಜನರ ಮನಸ್ಸು ಕಲಕಿತು.

ಕೋರ್ಟ್‌ಗಳು ಎರಡೂ ರೀತಿ ಹೇಳಿವೆ. 2015ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಒಬ್ಬ ಮಾಜಿ ಐಡಲ್ ಸುಮಾರು 6.5 ಲಕ್ಷ ಯೆನ್ ಕೊಡಬೇಕು ಅಂದಿತು. 2016ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಕೇಸಿನಲ್ಲಿ, ಪ್ರೀತಿಸುವುದು ಮನುಷ್ಯ ಬದುಕಿನ ಸುಖದ ಭಾಗ, ಅದಕ್ಕಾಗಿ ದಂಡ ಕೇಳುವುದು ಅತಿಯಾಯಿತು ಅನ್ನುವ ಅರ್ಥದಲ್ಲಿ ಕಂಪನಿಯ ಬೇಡಿಕೆ ತಳ್ಳಿಹಾಕಿತು. ನನ್ನ ಮಟ್ಟಿಗೆ ಎರಡನೆಯದೇ ಸರಿ.

ಇನ್ನೊಂದು ಘಟನೆಯನ್ನೂ ಇಲ್ಲೇ ಹೇಳಬೇಕು. ಎನ್‌ಜಿಟಿ48ರ ಯಮಗುಚಿ ಮಾಹೊ ಅವರ ಮೇಲೆ 2018ರ ಡಿಸೆಂಬರ್‌ನಲ್ಲಿ ಮನೆ ಬಾಗಿಲಲ್ಲೇ ಇಬ್ಬರು ಅಭಿಮಾನಿಗಳು ಕೈ ಮಾಡಿದರು. ಒಂದು ತಿಂಗಳು ಸುಮ್ಮನಿದ್ದ ಕಂಪನಿಯನ್ನು ಕಾದು ಸಾಕಾಗಿ ಅವರೇ ಅದನ್ನು ಹೊರಗೆ ಹೇಳಿದರು. ಆಮೇಲೆ ವೇದಿಕೆಯಲ್ಲಿ 'ತೊಂದರೆ ಕೊಟ್ಟಿದ್ದಕ್ಕೆ' ಕ್ಷಮೆ ಕೇಳಿದ್ದೂ ಅವರೇ. ಪೆಟ್ಟು ತಿಂದವಳು ತಲೆ ಬಗ್ಗಿಸಿದ್ದನ್ನು ನೋಡಿ ಜಪಾನಿನ ಜನ ಕೆಂಡವಾದರು. ಮುಂದಿನ ಮೇ ತಿಂಗಳಲ್ಲಿ ಅವರು ಗುಂಪು ಬಿಟ್ಟರು.

ಗುಂಪು ಬಿಟ್ಟರೆ 'ಗ್ರ್ಯಾಜುಯೇಷನ್' ಅನ್ನುತ್ತಾರೆ, ಯಾಕೆ?

'ಸೊತ್ಸುಗ್ಯೊ' ಅನ್ನುವುದು ಶಾಲೆ ಮುಗಿಸುವುದಕ್ಕೆ ಇರುವ ಪದ. ಹೊರಗೆ ಹಾಕಿದರು, ಬಿಟ್ಟುಹೋದರು ಅನ್ನುವ ಬದಲು ಕಲಿತು ಮುಗಿಸಿದರು ಅನ್ನುತ್ತಾರೆ. ಕೊನೆಯ ಕಾರ್ಯಕ್ರಮದಲ್ಲಿ ಉದ್ದ ಗೌನ್ ಹಾಕಿ ಒಬ್ಬರೇ ನಿಲ್ಲುತ್ತಾರೆ. ಅಭಿಮಾನಿಗಳು ಎಲ್ಲರೂ ಕೈಯಲ್ಲಿ ಹಿಡಿದ ಪೆನ್‌ಲೈಟ್ ಅನ್ನುವ ಪುಟ್ಟ ದೀಪಗಳನ್ನು ಆಕೆಯ ಗುರುತಿನ ಬಣ್ಣಕ್ಕೆ ತಿರುಗಿಸುತ್ತಾರೆ. ಕಶಿವಾಗಿ ಯುಕಿ 17 ವರ್ಷ ಎಕೆಬಿಯಲ್ಲಿದ್ದು 2024ರಲ್ಲಿ ಹೊರಟಾಗ, ಅವರ ಜೊತೆ ನಿಂತ ಹೊಸ ಹುಡುಗಿಯರಲ್ಲಿ ಕೆಲವರು ಅವರು ಸೇರಿದಾಗ ಇನ್ನೂ ಹುಟ್ಟಿರಲೇ ಇಲ್ಲ.

ಭೂಗತ ಐಡಲ್ ಅಂದರೇನು? ಹೆಸರು ಕೇಳಿದರೆ ಭಯ ಆಗುತ್ತದೆ.

ಭಯ ಬೇಡ. 'ಚಿಕಾ ಐದೊರು' ಅಂದರೆ ನೆಲಮಾಳಿಗೆಯ ಪುಟ್ಟ ಸಭಾಂಗಣಗಳಲ್ಲಿ ಹಾಡುವವರು, ಟಿವಿಯಲ್ಲಿ ಬಾರದವರು. ನೂರು ಜನ ಬಂದರೆ ಹಬ್ಬ. ಅವರ ಸಂಪಾದನೆ ಹೆಚ್ಚಾಗಿ ಚೆಕಿಯಿಂದ. ಚೆಕಿ ಅಂದರೆ ಫುಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್ ಕ್ಯಾಮೆರಾಗೆ ಜಪಾನಿನಲ್ಲಿರುವ ಹೆಸರು. ಸಾವಿರದಿಂದ ಎರಡು ಸಾವಿರ ಯೆನ್ ಕೊಟ್ಟರೆ ಐಡಲ್ ಜೊತೆ ಒಂದು ಫೋಟೊ. ಕ್ಯಾಮೆರಾದಿಂದ ಬಿಳೀ ಕಾಗದ ಹೊರಬರುತ್ತದೆ. ಚಿತ್ರ ಇನ್ನೂ ಮೂಡಿರುವುದಿಲ್ಲ. ಅವಳು ಬಣ್ಣದ ಪೆನ್ನಿನಿಂದ ನಿಮ್ಮ ಹೆಸರು, ತಾರೀಖು, ಒಂದು ಪುಟ್ಟ ಚಿತ್ತಾರ ಬರೆಯುತ್ತಾ ಮಾತಾಡುತ್ತಾಳೆ. ಬರೆದು ಮುಗಿಸುವ ಹೊತ್ತಿಗೆ ಕಾಗದದಲ್ಲಿ ಇಬ್ಬರ ಮುಖ ನಿಧಾನವಾಗಿ ತೇಲಿ ಬರುತ್ತದೆ.

ಸಣ್ಣದರಿಂದ ದೊಡ್ಡದಾದವರೂ ಇದ್ದಾರೆ. ಮೊಮೊಇರೊ ಕ್ಲೋವರ್ ಹುಡುಗಿಯರು 2008ರಲ್ಲಿ ಯೊಯೊಗಿ ಪಾರ್ಕಿನ ರಸ್ತೆ ಬದಿಯಲ್ಲಿ ಕುಣಿಯುತ್ತಿದ್ದರು. 2009ರ ಬೇಸಿಗೆಯಲ್ಲಿ ವ್ಯಾನಿನಲ್ಲೇ ಮಲಗಿ ಎಲೆಕ್ಟ್ರಾನಿಕ್ ಅಂಗಡಿಗಳ ಮುಂದೆ ಹಾಡಿದರು. 2014ರ ಮಾರ್ಚ್‌ನಲ್ಲಿ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ಕೊಟ್ಟ ಮೊದಲ ಹೆಣ್ಣುಮಕ್ಕಳ ಗುಂಪು ಅವರದು.

ಆದರೆ ಸಣ್ಣ ಏಜೆನ್ಸಿಗಳಲ್ಲಿ ಕಡಿಮೆ ಸಂಬಳ, ಬಿಡಲು ಹೋದರೆ ದಂಡ ಅನ್ನುವ ಒಪ್ಪಂದಗಳೂ ಇವೆ. ಗುಂಪು ಆಯ್ದುಕೊಳ್ಳುವಾಗ ಹುಡುಗಿಯರನ್ನು ಕಂಪನಿ ಹೇಗೆ ನೋಡಿಕೊಳ್ಳುತ್ತದೆ ಅನ್ನುವುದನ್ನೂ ನೋಡಿ.

ಅಭಿಮಾನಿಗಳು ಆಡುವ ಪದಗಳು ಅರ್ಥವಾಗುವುದಿಲ್ಲ.

ಒಂದು ಗೊತ್ತಿದ್ದರೆ ಸಾಕು, 'ಓಶಿ'. ನೂಕು ಅನ್ನುವ ಕ್ರಿಯಾಪದದಿಂದ ಬಂದಿದ್ದು. ನೀವು ಹಿಂದೆ ನಿಂತು ಮುಂದಕ್ಕೆ ನೂಕುವ ಸದಸ್ಯರೇ ನಿಮ್ಮ ಓಶಿ. ಇಡೀ ಗುಂಪೇ ಇಷ್ಟವಾದರೆ 'ಹಾಕೊ ಓಶಿ', ಹಾಕೊ ಅಂದರೆ ಪೆಟ್ಟಿಗೆ. ಓಶಿ ಬದಲಾಯಿಸಿದರೆ 'ಓಶಿಹೆನ್'. ಕಾರ್ಯಕ್ರಮದಲ್ಲಿ ಹಾಡು ಶುರುವಾಗುವ ಮುಂಚೆ ಎಲ್ಲರೂ ಸೇರಿ 'ತೈಗಾ, ಫೈಯಾ, ಸೈಬಾ, ಫೈಬಾ, ದೈಬಾ, ಬೈಬಾ, ಜಾ ಜಾ!' ಅಂತ ಕೂಗುತ್ತಾರೆ. ಅರ್ಥ ಹುಡುಕಬೇಡಿ. ಜಾತ್ರೆಯಲ್ಲಿ ತೇರು ಎಳೆಯುವಾಗ ಎಲ್ಲರ ಕೂಗು ಒಂದಾಗುತ್ತದಲ್ಲ, ಅಂಥದ್ದು.

ಕಂಪ್ಯೂಟರ್ ಐಡಲ್‌ಗಳೂ ಇದ್ದಾರಂತೆ?

ಇದ್ದಾರೆ. ಹತ್ಸುನೆ ಮಿಕು 2007ರ ಆಗಸ್ಟ್ 31ರಂದು ಹಾಡುವ ಸಾಫ್ಟ್‌ವೇರ್ ಆಗಿ ಬಂದಳು, ಸಪ್ಪೊರೊದ ಕಂಪನಿಯೊಂದರಿಂದ. ಹಾಡು ಬರೆದಿದ್ದೆಲ್ಲ ಸಾಮಾನ್ಯ ಜನ. 2016ರಲ್ಲಿ ಕಿಜುನಾ ಐ ಯೂಟ್ಯೂಬ್‌ಗೆ ಬಂದ ಮೇಲೆ ವಿಟ್ಯೂಬರ್‌ಗಳ, ಅಂದರೆ ಕಂಪ್ಯೂಟರ್ ಚಿತ್ರದ ರೂಪದಲ್ಲಿ ಬರುವ ಯೂಟ್ಯೂಬರ್‌ಗಳ, ಕಾಲ ಶುರುವಾಯಿತು. ಅದಕ್ಕೇ ಬೇರೆ ಪುಟ ಬೇಕು.

ಭಾರತಕ್ಕೆ ಇದು ಬಂದಿಲ್ಲವಾ?

ಜಕಾರ್ತದಲ್ಲಿ 2011ರಿಂದ ಜೆಕೆಟಿ48, ಬ್ಯಾಂಕಾಕ್‌ನಲ್ಲಿ 2017ರಿಂದ ಬಿಎನ್‌ಕೆ48 ಚೆನ್ನಾಗಿ ಬೆಳೆದವು. 2019ರಲ್ಲಿ ದೆಹಲಿ, ಮುಂಬೈಗೂ ಇಂಥ ಗುಂಪು ಘೋಷಿಸಿದರು. ಅವು ಹಾಗೆ ಬೆಳೆಯಲಿಲ್ಲ. ನಮ್ಮಲ್ಲಿ ಸಿನಿಮಾ ಬಿಟ್ಟು ಹಾಡಿಗೆ ಬೇರೆ ಮನೆ ಕಟ್ಟುವುದು ಕಷ್ಟ. ಆದರೆ 2025ರಲ್ಲಿ ಐಡಲ್ ಶಾಲೆಯಿಂದ ಬಂದ ಬೇಬಿಮೆಟಲ್ ಗುಂಪು ದೆಹಲಿಯ ಬ್ಲಡಿವುಡ್ ಅನ್ನುವ ಬ್ಯಾಂಡ್ ಜೊತೆ ಸೇರಿ ಒಂದು ಹಾಡು ಮಾಡಿತು. ಹಿಂದಿ, ಜಪಾನಿ ಎರಡೂ ಅದರಲ್ಲಿವೆ, ಕೇಳಿ ನೋಡಿ. ಬೆಂಗಳೂರಿನಲ್ಲಿರುವವರು ಜಪಾನ್ ಹಬ್ಬಕ್ಕೆ ಹೋದರೆ ಜಪಾನಿ ಹಾಡು, ಕುಣಿತ ಇಷ್ಟಪಡುವವರು ಸಿಗುತ್ತಾರೆ.

ನನಗೆ ಜಪಾನಿ ಬರಲ್ಲ. ಶೋ ಅರ್ಥವಾಗುತ್ತದಾ?

ಶುರುವಿನಲ್ಲಿ ಸಬ್‌ಟೈಟಲ್ ಬೇಕು. ಆದರೆ ಕನ್ನಡದವರಿಗೆ ಒಂದು ಅನುಕೂಲ ಇದೆ. ಜಪಾನಿ ವಾಕ್ಯ ನಮ್ಮ ವಾಕ್ಯದ ಥರವೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದ ಆದಮೇಲೆ. 'ಅವಳು ಹೋಗುತ್ತೇನೆ ಅಂತ ಹೇಳಿದಳು' ಅನ್ನುವಲ್ಲಿನ 'ಅಂತ'ದ ಜಾಗದಲ್ಲಿ ಅವರು 'ತೊ' ಅನ್ನುತ್ತಾರೆ. ನಾವು ಮಾತಿನ ಕೊನೆಗೆ 'ಅಲ್ವಾ' ಸೇರಿಸುವ ಕಡೆ ಅವರದು 'ನೆ'. ಶೋ ಒಂದರಲ್ಲಿ ಸದಸ್ಯೆಯೊಬ್ಬಳು ತಾನು ಮಾಡಿದ ಅಡುಗೆಯನ್ನು ಬನಾನಾಮನ್ ಮುಂದಿಟ್ಟು 'ತಾಬೆತೆ ಮಿತೆ' ಅಂದಾಗ ನಾನು ಸಬ್‌ಟೈಟಲ್ ನೋಡಲೇ ಇಲ್ಲ. ತಾಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು. ತಿಂದು ನೋಡು.